ಅಹವಾಲು ಆಲಿಸಲಾಯಿತು

ಎದುರಿನವರ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳುವುದು ಹೇಗೆ ಅಂತ ಕಲಿಯಲು ಜನ ದುಡ್ಡು ಕಟ್ಟಿ ಶಿಬಿರಕ್ಕೆ ಹೋಗುತ್ತಾರೆ. ಸುಮ್ನೆ ಯಾಕೆ ಖರ್ಚು? ಗಣಿಯೋ ಅಣೆಕಟ್ಟೋ ಬರಲಿರುವ ಊರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಶಾಮಿಯಾನದ ಕೆಳಗೆ ಒಂದು ದಿನ ಕೂತು ಬನ್ನಿ, ಪುಕ್ಕಟೆ.

ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಎಲ್ಲ ಬರೆದಿದೆ. 30 ದಿನ ಮೊದಲೇ ನೋಟಿಸು ಕೊಡಬೇಕು. ಜಿಲ್ಲಾಧಿಕಾರಿಯೋ ಅಪರ ಜಿಲ್ಲಾಧಿಕಾರಿಯೋ ಕೂರಬೇಕು. ವಿಡಿಯೊ ಮಾಡಬೇಕು. ಕೋರಂ ಮಾತ್ರ ಬೇಕಿಲ್ಲ! ಗ್ರಾಮಸಭೆಗೂ ಕೋರಂ ಇದೆ. ಜನರ ಮಾತು ಕೇಳಲೆಂದೇ ಕರೆದ ಸಭೆ ಜನ ಇಲ್ಲದೆಯೂ ಶುರುವಾಗಬಹುದು. ಯಾರೂ ಮಾತಾಡದಿದ್ದರೂ ಕೇಳಿಸಿಕೊಳ್ಳುವುದು ಅಂದರೆ ಸಾಮಾನ್ಯ ಸಾಧನೆಯೇ?

ಜನ ಬಂದರೆ ಇನ್ನೂ ಸೊಗಸು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿ ನೂರಾರು ಪುಟ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೀ ಸಾರಾಂಶ. ಅಡಿಕೆ ತೋಟದ ಅಜ್ಜ ಮೈಕ್ ಹಿಡಿಯುತ್ತಾರೆ.

"ಸಾರ್, ನಮ್ಮ ತೋಟಕ್ಕೆ ನೀರು ಬರೋದೇ ಆ ಹಳ್ಳದಿಂದ..."

"ಚುಟುಕಾಗಿ ಹೇಳಿ ಅಜ್ಜ."

"ಹಳ್ಳ ಬತ್ತಿದ್ರೆ..."

"ವಿಷಯಕ್ಕೆ ಬನ್ನಿ."

ಅಜ್ಜನ ಹತ್ತಿರ ಹಳ್ಳ ಬಿಟ್ಟು ಬೇರೆ ವಿಷಯ ಇಲ್ಲ.

"ಬರೆದು ಕೊಟ್ಬಿಡಿ."

ಬರೆದು ತಂದಿದ್ದನ್ನು ಕೊಡಲು ಹೋದರೆ, "ಮೈಕಲ್ಲಿ ಹೇಳಿದ್ರಲ್ಲಾ, ಮತ್ಯಾಕೆ?"

ಈಗ ಕಂಪನಿಯವರ ಸರದಿ. ಗಿಡ ನೆಡುತ್ತೇವೆ, ಶಾಲೆಗೆ ಬಣ್ಣ ಹೊಡೆಸುತ್ತೇವೆ ಅನ್ನುತ್ತಾರೆ. ಕೇಳಿದ್ದು ಹಳ್ಳ, ಸಿಕ್ಕಿದ್ದು ಬಣ್ಣ. ವೇದಿಕೆ ಮೇಲಿನ ತಲೆಗಳೆಲ್ಲ ಒಂದೇ ತಾಳಕ್ಕೆ ಆಡುತ್ತವೆ. ಮೇಜಿನ ಕೆಳಗೆ ಮೊಬೈಲು ಮಿನುಗುತ್ತದೆ. ಪೂರ್ತಿ ಕೇಳಿಸಿಕೊಂಡದ್ದು ಆ ವಿಡಿಯೊ ಕ್ಯಾಮೆರಾ ಒಂದೇ. ಅದು ಮಧ್ಯೆ ಬಾಯಿ ಹಾಕಲಿಲ್ಲ, ಆಕಳಿಸಲೂ ಇಲ್ಲ.

ದೊಡ್ಡ ಯೋಜನೆಯಾದರೆ ಕಡತ ದೆಹಲಿಯ ತಜ್ಞರ ಸಮಿತಿಗೆ ಹೋಗುತ್ತದೆ. ಸಭೆಯಲ್ಲಿ ಕೂತವರಿಗೆ ಬೇಡ ಅನ್ನುವ ಅಧಿಕಾರ ಇಲ್ಲ. ಅಧಿಕಾರ ಇರುವವರು ಸಭೆಗೆ ಬಂದಿರಲಿಲ್ಲ. ಕಿವಿ ಜಿಲ್ಲೆಯಲ್ಲಿ, ತಲೆ ದೆಹಲಿಯಲ್ಲಿ. ನಡುವೆ ಇರುವ ಕುತ್ತಿಗೆ ಯಾರದು ಅಂತ ಅಜ್ಜನಿಗೆ ಗೊತ್ತು ಬಿಡಿ.

ನಡಾವಳಿಯನ್ನು ಅವತ್ತೇ ಕನ್ನಡದಲ್ಲಿ ಓದಿ ಹೇಳಿ ಸಹಿ ಹಾಕಬೇಕು ಅನ್ನುವುದು ನಿಯಮ. ಓದುತ್ತಾರೆ. ಆಕ್ಷೇಪಣೆ: ನೀರಿನ ವಿಚಾರ. ಕಂಪನಿಯ ಉತ್ತರ: ಶಾಲೆಗೆ ಬಣ್ಣ.