ಐಡಲ್‌ನಲ್ಲಿ ನಿಂತ ಜೀಪಿಗೆ ಕರೆಂಟ್ ಎಲ್ಲಿಂದ ಬರಬೇಕು?

ಮೂರು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ. ಮೆಣಸಿನ ಗಿಡ ತುಂಬಿಕೊಂಡು ಬರುತ್ತಿದ್ದ ಪಕ್ಕದ ತೋಟದವರ ಪಿಕಪ್ ನಮ್ಮ ಹಳ್ಳದ ಏರಿನಲ್ಲಿ ಜಾರಿ ಚರಂಡಿಗೆ ಇಳಿದಿತ್ತು. ಫೋನ್ ಬಂದ ಕೂಡಲೇ ನಾನೂ ನಮ್ಮ ಅಣ್ಣನ ಮಗನೂ ಗಾಡಿ ತೆಗೆದುಕೊಂಡು ಹೋದೆವು. ಮುಂದೆ 9,500 ಪೌಂಡಿನ ವಿಂಚ್ (ರೋಪ್ ಸುತ್ತಿಕೊಂಡು ಗಾಡಿ ಎಳೆಯುವ, ಬ್ಯಾಟರಿಯಿಂದ ಓಡುವ ಮೋಟಾರ್) ಇದೆ, ಮೇಲೆ ಲೈಟ್ ಬಾರ್ ಇದೆ, ಬಂಪರಿನಲ್ಲಿ ಎರಡು ಫಾಗ್ ಲ್ಯಾಂಪ್ ಇವೆ. ಇನ್ನೇನು ಬೇಕು ಅನ್ನೋ ಧೈರ್ಯ. ಗಾಜು ಮಬ್ಬಾಗುತ್ತಿತ್ತು, ಬ್ಲೋವರ್ ಫುಲ್ ಇಟ್ಟೆವು. ವೈಪರ್ ಓಡುತ್ತಲೇ ಇತ್ತು. ರೋಪ್ ಸಿಕ್ಕಿಸಿ ಎರಡು ಸಲ ಎಳೆದೆವು, ಪಿಕಪ್ ಅರ್ಧ ಮೇಲೆ ಬಂತು. ಮೂರನೇ ಸಲಕ್ಕೆ ವಿಂಚಿನ ಸದ್ದು ಭಾರವಾಯಿತು, ಹೆಡ್‌ಲೈಟ್ ಅರಿಶಿನ ಬಣ್ಣಕ್ಕೆ ತಿರುಗಿತು, ಎಂಜಿನ್ ತಾನಾಗಿಯೇ ನಿಂತುಹೋಯಿತು. ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅಷ್ಟೇ. ಸೆಲ್ಫ್ ಹೊಡೆಯಲಿಲ್ಲ. ಒಂದು ಗಾಡಿ ಎತ್ತಲು ಹೋದವರು ಎರಡು ಗಾಡಿ ಬಿಟ್ಟು, ಇಂಬಳ ಕಿತ್ತುಕೊಳ್ಳುತ್ತಾ ಮೂರು ಕಿಲೋಮೀಟರ್ ನಡೆದು ಮನೆ ಸೇರಿದೆವು.

ಅದಕ್ಕೆ ನಾಲ್ಕೇ ದಿನ ಮುಂಚೆ ನಮ್ಮ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯ ಹೆಣ್ಣುಮಗಳೊಬ್ಬಳನ್ನು ಹೆರಿಗೆಗೆ ಸಕಲೇಶಪುರಕ್ಕೆ ಕರೆದುಕೊಂಡು ಹೋಗಿದ್ದು ಇದೇ ಗಾಡಿಯಲ್ಲಿ, ಇದೇ ದಾರಿಯಲ್ಲಿ, ಇಂಥದ್ದೇ ಮಳೆಯಲ್ಲಿ. ಅವತ್ತು ಗಾಡಿ ಹೀಗೆ ನಿಂತಿದ್ದರೆ? ಆ ಯೋಚನೆ ಬಂದು ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಈ ಬರಹ ಬರೆಯುತ್ತಿರುವುದೂ ಅದಕ್ಕೇ. 2020ರಲ್ಲಿ ಹೊಸ ಥಾರ್ ಬಂತು, 2023ರಲ್ಲಿ ಜಿಮ್ನಿ ಬಂತು. ಈಗ ಫೋರ್ ವೀಲ್ ಡ್ರೈವ್ ಗಾಡಿ ಕೊಂಡ ಮೊದಲ ತಿಂಗಳಲ್ಲೇ ಲೈಟು, ವಿಂಚು, ಕಂಪ್ರೆಸರ್, ಫ್ರಿಜ್ಜು ಎಲ್ಲ ಕೂರಿಸುತ್ತಾರೆ. ಕೂರಿಸಲಿ, ನನಗೂ ಅದೆಲ್ಲ ಇಷ್ಟವೇ. ಆದರೆ ಅವಕ್ಕೆಲ್ಲ ಕರೆಂಟ್ ಎಲ್ಲಿಂದ ಬರಬೇಕು ಅನ್ನುವ ಲೆಕ್ಕ ಹಾಕುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಲೈಟ್ ಹಾಕಿಕೊಡುವ ಅಂಗಡಿಯವರಂತೂ ಆ ಮಾತೇ ಎತ್ತುವುದಿಲ್ಲ. ನನಗೆ ಲೈಟ್ ಬಾರ್ ಹಾಕಿಕೊಟ್ಟವರು ಹೇಳಿದ್ದು ಇಷ್ಟೇ: "ಎಲ್ಇಡಿ ಅಲ್ವಾ ಸಾರ್, ಕರೆಂಟೇ ಎಳೆಯಲ್ಲ."

ಮೊದಲಿಗೆ ನಾನೂ ಬ್ಯಾಟರಿ ಹೋಗಿದೆ ಅಂದುಕೊಂಡೆ. ಇದ್ದದ್ದಕ್ಕಿಂತ ದೊಡ್ಡದು ಹಾಕಿಸಿದೆ. ಎಂಟು ತಿಂಗಳಿಗೆ ಅದೂ ಸುಸ್ತಾಯಿತು. ಆಮೇಲೆ ಪೇಟೆಯಲ್ಲಿ ಮೂವತ್ತು ವರ್ಷದಿಂದ ಆಟೋ ಎಲೆಕ್ಟ್ರಿಷಿಯನ್ ಆಗಿರುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಬ್ಯಾಟರಿಯನ್ನು ಮುಟ್ಟಲೂ ಇಲ್ಲ. "ಗೌಡ್ರೇ, ಡೈನಮೋ ಕೊಡೋದೆಷ್ಟು, ನೀವು ಕೇಳ್ತಿರೋದೆಷ್ಟು, ಲೆಕ್ಕ ಹಾಕಿದೀರಾ?" ಅಂದರು. ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಕರೆಂಟ್ ಕೊಡುವ, ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ನಮ್ಮ ಕಡೆ ಹಳಬರಿಗೆ ಇವತ್ತಿಗೂ ಡೈನಮೋನೇ.

"90 ಆಂಪಿಯರ್ ಅಂತ ಬರೆದಿದೆಯಲ್ಲ ಅಣ್ಣಾ" ಅಂದೆ.

"ಅದು ಓಡುವಾಗ. ನಿಂತಾಗ ಎಷ್ಟು ಅಂತ ಕೇಳ್ತಿದೀನಿ."

ಬಾನೆಟ್ ಎತ್ತಿ, ಆಲ್ಟರ್ನೇಟರ್‌ನಿಂದ ಬರುವ ದಪ್ಪ ವೈರಿಗೆ ಕ್ಲ್ಯಾಂಪ್ ಮೀಟರ್ (ವೈರನ್ನು ಬಿಚ್ಚದೆ ಸುತ್ತ ಹಿಡಿದು ಆಂಪಿಯರ್ ಅಳೆಯುವ ಮೀಟರ್) ಹಾಕಿದರು. ಎಂಜಿನ್ ಬಿಸಿಯಾಗುವವರೆಗೆ ಕಾದು, ಒಂದೊಂದೇ ಸ್ವಿಚ್ ಹಾಕಿಸಿದರು. ಹೆಡ್‌ಲೈಟ್, ಬ್ಲೋವರ್, ವೈಪರ್, ಲೈಟ್ ಬಾರ್. ಮೀಟರಿನ ಅಂಕಿ ಏರುತ್ತಾ ಏರುತ್ತಾ 42ಕ್ಕೆ ಬಂದು ನಿಂತಿತು. ಫಾಗ್ ಲ್ಯಾಂಪ್ ಹಾಕಿದೆ, 42. ಫ್ರಿಜ್ ಹಾಕಿದೆ, ಆಗಲೂ 42. ಇತ್ತ ಬ್ಯಾಟರಿಯ ವೋಲ್ಟೇಜ್ 13.9ರಿಂದ 12.4ಕ್ಕೆ ಇಳಿದಿತ್ತು. "ನೋಡಿ, ಇನ್ಮೇಲೆ ಏನೇ ಹಾಕಿದ್ರೂ ಅದು ಬ್ಯಾಟರಿಯಿಂದ ಹೋಗೋದು" ಅಂದರು. ಆ 42 ಅನ್ನುವ ಅಂಕಿ ನನ್ನ ತಲೆಯಲ್ಲಿ ಹಾಗೇ ಉಳಿದಿದೆ.

ಮೇಲೆ ಬರೆದಿರುವ ಆಂಪಿಯರ್ ಆಲ್ಟರ್ನೇಟರ್ ಜೋರಾಗಿ ತಿರುಗುವಾಗಿನ ಲೆಕ್ಕ. ಸಾಮಾನ್ಯವಾಗಿ ಅದನ್ನು ನಿಮಿಷಕ್ಕೆ 6,000 ಸುತ್ತಿನಲ್ಲಿ ಅಳೆಯುತ್ತಾರೆ. ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ) 800 ಸುತ್ತು ತಿರುಗುವಾಗ ಪುಲ್ಲಿಯ ಅಳತೆಯಿಂದಾಗಿ ಆಲ್ಟರ್ನೇಟರ್ ತಿರುಗುವುದು ಸುಮಾರು 2,000 ಸುತ್ತು. ಆಗ ಸಿಗುವುದು ಅರ್ಧದಷ್ಟು, ಬಿಸಿಯಾದ ಮೇಲೆ ಇನ್ನೂ ಕಡಿಮೆ. ಹೈವೇಯಲ್ಲಿ ಹೋಗುವವರಿಗೆ ಇದರಿಂದ ತೊಂದರೆ ಇಲ್ಲ. ನಾವು ಕೆಸರು, ಏರು, ಹಳ್ಳ ಅಂತ ಲೋ ಗೇರಿನಲ್ಲಿ ತೆವಳುವವರು. ನಮ್ಮ ಗಾಡಿಗೆ ಅತಿ ಹೆಚ್ಚು ಕರೆಂಟ್ ಬೇಕಾಗುವ ಹೊತ್ತಿನಲ್ಲೇ ಎಂಜಿನ್ ಅತಿ ನಿಧಾನ ತಿರುಗುತ್ತಿರುತ್ತದೆ.

ಮಳೆಗಾಲದ ಒಂದು ರಾತ್ರಿಯ ಖರ್ಚನ್ನು ಸುಮಾರಾಗಿ ಕೂಡಿಸಿ ನೋಡಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್, ಬೇರೆ ವಿದ್ಯೆ ಏನೂ ಬೇಡ. ಎಂಜಿನ್ನಿನ ಇಂಜೆಕ್ಟರ್, ಪಂಪ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸೇರಿ 10 ಆಂಪಿಯರ್. ಹ್ಯಾಲೊಜೆನ್ ಹೆಡ್‌ಲೈಟ್, ಹಿಂದಿನ ದೀಪ ಸೇರಿ 10. ವೈಪರ್ 5, ಬ್ಲೋವರ್ 12. ಇಲ್ಲಿಗೇ 37 ಆಯಿತು, ಇನ್ನೂ ನಾವು ಕೂರಿಸಿದ ಒಂದು ಸಾಮಾನೂ ಬಂದಿಲ್ಲ! 120 ವ್ಯಾಟಿನ ಲೈಟ್ ಬಾರ್ ಎಲ್ಇಡಿ ಆದರೂ 120 ವ್ಯಾಟೇ, ಅದಕ್ಕೆ 9. ಫಾಗ್ ಲ್ಯಾಂಪ್ 55 ವ್ಯಾಟಿನವು ಎರಡು, 8. ಫ್ರಿಜ್ 4. ರೇಡಿಯೇಟರಿನ ಫ್ಯಾನ್ ಹತ್ತಿಕೊಂಡರೆ ಮತ್ತೆ 15. ಒಟ್ಟು 73. ಬರುವುದು 42, ಹೋಗುವುದು 73. ಬ್ಯಾಟರಿಯಿಂದ 31 ಆಂಪಿಯರ್ ಹೋಗುತ್ತಲೇ ಇದ್ದರೆ 60 ಎಎಚ್ (ಆಂಪಿಯರ್-ಅವರ್, ಅಂದರೆ 60 ಆಂಪಿಯರನ್ನು ಒಂದು ಗಂಟೆ ಕೊಡುವಷ್ಟು) ಬ್ಯಾಟರಿ ಒಂದೇ ಗಂಟೆಯಲ್ಲಿ ಅರ್ಧಕ್ಕೆ ಬರುತ್ತದೆ, ವಿಂಚ್ ಮುಟ್ಟುವ ಮೊದಲೇ.

ಆ ವಿಂಚ್ ಖಾಲಿ ಸುತ್ತುವಾಗಲೇ 70 ಆಂಪಿಯರ್ ಸುತ್ತಮುತ್ತ ಎಳೆಯುತ್ತದೆ. ಪೂರ್ತಿ ಭಾರ ಬಿದ್ದರೆ 400ರ ಹತ್ತಿರ ಹೋಗುತ್ತದೆ. ಸರಾಸರಿ 200 ಅಂತ ಹಿಡಿದರೂ ಎರಡು ನಿಮಿಷಕ್ಕೆ ಸುಮಾರು 7 ಎಎಚ್ ಹೋಯಿತು. ಲೈಟು, ಬ್ಲೋವರ್, ಫ್ರಿಜ್ ಎಲ್ಲ ಆರಿಸಿ ಬ್ಯಾಟರಿಗೆ 10 ಆಂಪಿಯರ್ ಉಳಿಸಿಕೊಟ್ಟರೂ ಅದು ವಾಪಸ್ ತುಂಬಲು ಸುಮಾರು ಮುಕ್ಕಾಲು ಗಂಟೆ ಬೇಕು. ನಾವು ಐದು ನಿಮಿಷವೂ ಬಿಡದೆ ಮೂರು ಸಲ ಎಳೆದಿದ್ದೆವು.

ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಹೂಮಳೆ ಕೈಕೊಟ್ಟ ವರ್ಷ ಮಾರ್ಚಿನಲ್ಲಿ ಕೆರೆಯಿಂದ ಸ್ಪ್ರಿಂಕ್ಲರ್ ಓಡಿಸುತ್ತೇವಲ್ಲ, ಆಗ ಮೋಟಾರ್ ಗಂಟೆಗೆಷ್ಟು ಎತ್ತುತ್ತದೆ, ಕೆರೆಗೆ ಝರಿಯಿಂದ ಎಷ್ಟು ಬರುತ್ತಿದೆ ಅಂತ ನೋಡದೆ ಯಾರಾದರೂ ಜೆಟ್ ಹೆಚ್ಚಿಸುತ್ತಾರಾ? ಬ್ಯಾಟರಿ ಆ ಕೆರೆ, ಆಲ್ಟರ್ನೇಟರ್ ಆ ಝರಿ. ನಾನು ದೊಡ್ಡ ಬ್ಯಾಟರಿ ಹಾಕಿಸಿದ್ದು ಝರಿ ಅಷ್ಟೇ ಇರುವಾಗ ಕೆರೆ ಅಗಲ ಮಾಡಿದಂತೆ. ಎರಡನೇ ಬ್ಯಾಟರಿಯೂ ಎರಡನೇ ಕೆರೆಯೇ, ನೀರು ಬರುವುದು ಅದೇ ಝರಿಯಿಂದ. ಅದು ಬೇಡ ಅಂತಲ್ಲ. ರಾತ್ರಿ ಕ್ಯಾಂಪಿನಲ್ಲಿ ಫ್ರಿಜ್, ಲೈಟ್ ಎರಡನೆಯದರಿಂದ ಓಡಿದರೆ ಬೆಳಿಗ್ಗೆ ಸೆಲ್ಫ್ ಹೊಡೆಯಲು ಮೊದಲನೆಯದು ತುಂಬಿರುತ್ತದೆ. ಆದರೆ ಮಧ್ಯೆ ಐಸೊಲೇಟರ್ (ಎಂಜಿನ್ ನಿಂತಾಗ ಎರಡು ಬ್ಯಾಟರಿಯನ್ನೂ ಬೇರ್ಪಡಿಸುವ ಸಾಧನ) ಇರಬೇಕು, ಸುಮ್ಮನೆ ವೈರ್ ಎಳೆದು ಜೋಡಿಸಿದರೆ ಎರಡೂ ಒಟ್ಟಿಗೆ ಖಾಲಿಯಾಗುತ್ತವೆ. ಗಾಡಿಯ ಜೊತೆ ಬರುವುದು ಸೆಲ್ಫ್ ಹೊಡೆಯಲು ಮಾಡಿದ ಬ್ಯಾಟರಿ. ಒಂದು ಕ್ಷಣ ಜೋರಾಗಿ ಕೊಡುವುದಷ್ಟೇ ಅದರ ಕೆಲಸ. ಅದನ್ನು ನಾಲ್ಕಾರು ಸಲ ತಳದವರೆಗೆ ಇಳಿಸಿದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬಾಳಿಕೆಯೇ ಹೋಗುತ್ತದೆ. ನನ್ನ ಎಂಟು ತಿಂಗಳ ಬ್ಯಾಟರಿಗೆ ಆಗಿದ್ದು ಅದೇ.

ಹಾಗಾದರೆ ದೊಡ್ಡ ಆಲ್ಟರ್ನೇಟರ್ ಹಾಕಿಸೋಣ ಅನ್ನುತ್ತಾರೆ. ಹಾಕಿಸುವ ಮುಂಚೆ ಐಡಲ್‌ನಲ್ಲಿ ಎಷ್ಟು ಕೊಡುತ್ತದೆ ಅಂತ ಕೇಳಿ. 150 ಅಂತ ಬರೆದಿದ್ದರೂ ಕೆಳಗಿನ ಸುತ್ತಿನಲ್ಲಿ ಹಳೆಯದಕ್ಕಿಂತ ಹೆಚ್ಚೇನೂ ಕೊಡದಿರುವವೂ ಇವೆ. ನನ್ನ ಮಟ್ಟಿಗೆ ಖರ್ಚು ಇಳಿಸಿದ್ದೇ ಮೊದಲ ಔಷಧಿ. ಫಾಗ್ ಲ್ಯಾಂಪಿಗೆ ಕಡಿಮೆ ವ್ಯಾಟಿನ ಒಳ್ಳೆಯ ಎಲ್ಇಡಿ ಹಾಕಿದೆ. ವಿಂಚ್ ಹಿಡಿದಾಗ ಬ್ಲೋವರ್, ಫ್ರಿಜ್, ಲೈಟ್ ಬಾರ್ ಎಲ್ಲ ಬಂದ್, ಹೆಡ್ ಟಾರ್ಚ್ ಸಾಕು. ಒಬ್ಬರು ಗಾಡಿಯಲ್ಲಿ ಕೂತು ನ್ಯೂಟ್ರಲ್‌ನಲ್ಲಿ 1,500 ಸುತ್ತಿಗೆ ಆಕ್ಸಿಲರೇಟರ್ ಹಿಡಿದಿರಬೇಕು. ಸ್ನ್ಯಾಚ್ ಬ್ಲಾಕ್ (ರೋಪ್ ಹಾಯಿಸುವ ಗಟ್ಟಿ ರಾಟೆ) ಹಾಕಿ ರೋಪನ್ನು ಮಡಿಸಿ ಎಳೆದರೆ ವಿಂಚಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಆಂಪಿಯರೂ ಇಳಿಯುತ್ತದೆ. ನಿಧಾನವಾಗುತ್ತದೆ ನಿಜ. ಆಗಲಿ.

ಇನ್ನು ವೈರಿಂಗ್. ಇದರ ಬಗ್ಗೆ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆ ಹಿರಿಯರು ನನ್ನ ಲೈಟ್ ಬಾರಿನ ವೈರ್ ಹಿಡಿದು ಹಿಂದೆ ಹೋದರೆ, ಲೈಟ್ ಅಂಗಡಿಯವರು ಅದನ್ನು ಹೆಡ್‌ಲೈಟಿನ ವೈರ್ ಸುಲಿದು ತಿರುಚಿ ಸೇರಿಸಿ, ಮೇಲೆ ಇನ್ಸುಲೇಶನ್ ಟೇಪ್ ಸುತ್ತಿದ್ದರು. ದೊಡ್ಡ ಕರೆಂಟನ್ನು ಸಣ್ಣ ಸ್ವಿಚ್ಚಿನಿಂದ ನಡೆಸುವ ರಿಲೇ ಇಲ್ಲ, ಫ್ಯೂಸ್ ಇಲ್ಲ. ಟೇಪ್ ಬಿಚ್ಚಿದಾಗ ಒಳಗಿನ ತಾಮ್ರ ಹಸಿರುಗಟ್ಟಿತ್ತು, ಪಕ್ಕದ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. 1 ಚದರ ಮಿಲಿಮೀಟರಿನ ವೈರಿನಲ್ಲಿ ಹೋಗಿಬರುವುದು ಸೇರಿ 8 ಮೀಟರ್ ದೂರ 10 ಆಂಪಿಯರ್ ಕಳಿಸಿದರೆ ದಾರಿಯಲ್ಲೇ 1.4 ವೋಲ್ಟ್ ನಷ್ಟ. ಆ ನಷ್ಟವೆಲ್ಲ ಬಿಸಿಯಾಗುತ್ತದೆ. 2.5ರ ವೈರ್ ಹಾಕಿದರೆ ಅರ್ಧ ವೋಲ್ಟಿಗೆ ಇಳಿಯುತ್ತದೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲೇಬೇಕು. ದಾರಿ ಮಧ್ಯೆ ವೈರ್ ತಗಡಿಗೆ ಉಜ್ಜಿ ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ಅದನ್ನು ತಡೆಯಲು ಬೇರೆ ಯಾರೂ ಇಲ್ಲ. ಗುಂಡಿ ರಸ್ತೆಯಲ್ಲಿ ದಿನಾ ಅಲುಗಾಡುವ ಗಾಡಿಗೆ, ಒಳಗೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಹೀಗೆ ಕೆಲಸ ಮಾಡಿಕೊಟ್ಟು ದುಡ್ಡು ತೆಗೆದುಕೊಳ್ಳುವುದು ತಪ್ಪು. ಕೇಳಿ ಮಾಡಿಸಿಕೊಳ್ಳಿ, ಮುಗಿದ ಮೇಲೆ ಬಾನೆಟ್ ಎತ್ತಿಸಿ ತೋರಿಸಿ ಅನ್ನಿ.

ಬಿಎಸ್6 (ಈಗಿನ ಹೊಗೆ ನಿಯಮದ) ಗಾಡಿ ಇದ್ದವರಿಗೆ ಒಂದು ಮಾತು. ಈಗ ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸಣ್ಣ ಸೆನ್ಸರ್ ಇರುತ್ತದೆ. ಎಷ್ಟು ಹೋಯಿತು, ಎಷ್ಟು ಬಂತು ಅಂತ ಎಣಿಸಿ ಇಸಿಯುಗೆ ಹೇಳುವುದು ಅದೇ. ನೀವು ಹೊಸ ಲೈಟಿನ ಅರ್ತ್ ವೈರನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್ ಬೋಲ್ಟಿಗೆ ಹಾಕಿದರೆ ಆ ಖರ್ಚು ಸೆನ್ಸರಿನ ಲೆಕ್ಕಕ್ಕೇ ಬರುವುದಿಲ್ಲ, ಬ್ಯಾಟರಿ ತುಂಬಿದೆ ಅಂದುಕೊಂಡು ಚಾರ್ಜಿಂಗ್ ಇಳಿಸಿಬಿಡುತ್ತದೆ. ಕಂಪನಿಯವರು ಕೊಟ್ಟಿರುವ ಬಾಡಿ ಅರ್ತಿಗೆ ಹಾಕಿಸಿ. ಇಂಥ ಗಾಡಿಗಳಲ್ಲಿ ಎರಡನೇ ಬ್ಯಾಟರಿ ತುಂಬಿಸಲು ಹಳೆಯ ನಮೂನೆಯ ಐಸೊಲೇಟರ್ ಸರಿಹೋಗುವುದಿಲ್ಲ, ಬರುವ ವೋಲ್ಟೇಜ್ ಏರಿಳಿದರೂ ಬ್ಯಾಟರಿಗೆ ಬೇಕಾದಷ್ಟೇ ಮಾಡಿಕೊಡುವ ಡಿಸಿ-ಡಿಸಿ ಚಾರ್ಜರೇ ಬೇಕು.

ಕೆಸರಿಗೆ ಇಳಿದು ಬಂದ ಮೇಲೆ ಆಲ್ಟರ್ನೇಟರನ್ನೂ ಒಮ್ಮೆ ನೋಡಿ. ಎಷ್ಟೋ ಗಾಡಿಗಳಲ್ಲಿ ಅದು ಕೆಳಗೇ ಕೂತಿರುತ್ತದೆ, ಹಳ್ಳ ದಾಟುವಾಗ ನಮ್ಮ ಕೆಂಪು ಮಣ್ಣು ಒಳಗೆ ಹೋಗಿ ಬ್ರಷ್, ಬೇರಿಂಗ್ ಎರಡನ್ನೂ ತಿನ್ನುತ್ತದೆ. ಪ್ರೆಷರ್ ಗನ್ ಹಿಡಿಯದೆ ಸಾದಾ ನೀರಿನಲ್ಲಿ ತೊಳೆಯಿರಿ, ಬೆಲ್ಟ್ ಸಡಿಲವಾಗಿದೆಯಾ ಅಂತ ಬೆರಳಿನಲ್ಲಿ ಒತ್ತಿ ನೋಡಿ.

ಆ ಹಿರಿಯರು ಕೊನೆಗೆ ನನ್ನ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ವೋಲ್ಟ್ ಮೀಟರ್ ಕೂರಿಸಿಕೊಟ್ಟರು. ಗಾಡಿಗೆ ಹಾಕಿಸಿದ್ದರಲ್ಲೆಲ್ಲ ಅತಿ ಅಗ್ಗದ ಸಾಮಾನು ಅದು. ಎಂಜಿನ್ ನಿಲ್ಲಿಸಿ ರಾತ್ರಿ ಕಳೆದ ಮೇಲೆ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13ಕ್ಕಿಂತ ಇಳಿಯಿತು ಅಂದರೆ ನಾನು ಮೊದಲು ಲೈಟ್ ಬಾರ್ ಆರಿಸುತ್ತೇನೆ. ಸ್ಮಾರ್ಟ್ ಚಾರ್ಜಿಂಗ್ (ಇಸಿಯು ಹೇಳಿದಂತೆ ಚಾರ್ಜ್ ಆಗುವುದು) ಇರುವ ಗಾಡಿಗಳಲ್ಲಿ ಈ ಅಂಕಿ ತಾನಾಗಿ ಏರಿಳಿಯುತ್ತದೆ, ನಿಮ್ಮ ಗಾಡಿಯ ರೀತಿ ಮೊದಲು ತಿಳಿದುಕೊಳ್ಳಿ. ಕ್ಲ್ಯಾಂಪ್ ಮೀಟರ್ ಕೊಳ್ಳುವುದಾದರೆ ಡಿಸಿ ಆಂಪಿಯರ್ ಅಳೆಯುವಂಥದ್ದೇ ಕೇಳಿ, ಮನೆ ವೈರಿಂಗಿಗೆ ಬಳಸುವ ಎಸಿ ಮಾತ್ರದ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು.

ಹೋದ ವಾರ ಅದೇ ಏರಿನಲ್ಲಿ ಹಾಲಿನ ಗಾಡಿ ಸಿಕ್ಕಿಕೊಂಡಿತ್ತು. ಅಣ್ಣನ ಮಗ ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಕೂತ. ನಾನು ಒಂದು ಮಾರು ಎಳೆಯುವುದು, ನಿಲ್ಲಿಸುವುದು, "ಎಷ್ಟಿದೆಯೋ?" ಅಂತ ಕೂಗುವುದು. "ಹನ್ನೆರಡೂವರೆ ಚಿಕ್ಕಪ್ಪ, ತಡೀರಿ... ಹದಿಮೂರು... ಹದಿಮೂರೂವರೆ, ಈಗ ಎಳೀರಿ." ಮೇಲೆ ಬರಲು ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಗಾಡಿ ಆಫ್ ಮಾಡಿ, ಬೇಕೆಂದೇ ಮತ್ತೆ ಕೀ ತಿರುಗಿಸಿದೆ. ಒಂದೇ ಏಟಿಗೆ ಹೊಡೆಯಿತು.