ಹಗಲು ಅರವತ್ತು, ರಾತ್ರಿ ಸೊನ್ನೆ

ಬೆಂಗಳೂರಿನ ಅಂಗಡಿ ಬೋರ್ಡುಗಳಲ್ಲಿ ಕನ್ನಡ ಬೆಳಿಗ್ಗೆ ಹತ್ತಕ್ಕೆ ಡ್ಯೂಟಿಗೆ ಬರುತ್ತದೆ, ಸಂಜೆ ಆರೂವರೆಗೆ ಮನೆಗೆ ಹೋಗುತ್ತದೆ. ಸರ್ಕಾರಿ ನೌಕರಿ ಅಲ್ವಾ!

2023ರ ಡಿಸೆಂಬರಿನಲ್ಲಿ ಕನ್ನಡ ಪರ ಹೋರಾಟದ ಬಿಸಿಗೆ ಒಂದಷ್ಟು ಇಂಗ್ಲಿಷ್ ಬೋರ್ಡುಗಳು ಪುಡಿಯಾದವು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಅಂಗಡಿಯವರು ತಲೆಬಾಗಿದರು. ಟೇಪು ಹಿಡಿದರೆ 60ಕ್ಕೆ 61 ಸಿಗುತ್ತದೆ. ಆದರೆ ಅಳೆಯುವ ಸಾಹೇಬರು ಬರುವುದು ಹಗಲು ಹೊತ್ತು. ನೀವು ಕತ್ತಲಾದ ಮೇಲೆ ಬಂದು ನೋಡಿ. ಕೆಳಗಿನ 40ರ ಇಂಗ್ಲಿಷು ಗುಲಾಬಿ, ನೀಲಿ ಬಣ್ಣದಲ್ಲಿ ಝಗಝಗ. ಮೇಲಿನ ಕನ್ನಡ ಬರೀ ವಿನೈಲ್ ಸ್ಟಿಕ್ಕರು. ಅದಕ್ಕೆ ಒಂದು ಬಲ್ಬೂ ಇಲ್ಲ.

ಬೋರ್ಡ್ ಮಾಡುವವರನ್ನು ಕೇಳಿ, ಅವರ ಲೆಕ್ಕ ಪಕ್ಕಾ ಇದೆ. ಹೀಗೆ ಝಗಮಗಿಸುವ ಈಗಿನ ನಿಯಾನ್ ಬೋರ್ಡಿನಲ್ಲಿ ನಿಯಾನ್ ಅನ್ನುವ ಅನಿಲವೇ ಇರುವುದಿಲ್ಲ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಸಂಶೋಧಕ ಜಾರ್ಜ್ ಕ್ಲೋಡ್ ತೋರಿಸಿದ್ದು ಗಾಜಿನ ಕೊಳವೆ. ಒಳಗೆ ಅನಿಲ, ಸಾವಿರಾರು ವೋಲ್ಟಿನ ಕರೆಂಟು. ಇವತ್ತಿನದು ಸಿಲಿಕೋನ್ ಪಟ್ಟಿಯೊಳಗೆ ಕೂತ ಎಲ್‌ಇಡಿ. ಸಾಮಾನ್ಯವಾಗಿ 12 ವೋಲ್ಟು ಸಾಕು. ರೇಟು ಮೀಟರ್ ಲೆಕ್ಕ.

ಆ ಮೀಟರ್ ಲೆಕ್ಕದಲ್ಲೇ ಕನ್ನಡಕ್ಕೆ ಪೆಟ್ಟು. ಇಂಗ್ಲಿಷಿನ 'ಐ' ಅಂದರೆ ಒಂದು ನೆಟ್ಟಗಿನ ತುಂಡು. 'ಎಲ್' ಅಂದರೆ ಒಂದು ಮಡಿಕೆ. ನಮ್ಮ 'ಶ್ರೀ' ತಗೊಳ್ಳಿ. ಶಕಾರದ ಸುತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ದೇವರ ಹೆಸರು ಶುರುವಾಗುವ ಮುಂಚೆಯೇ ಪಟ್ಟಿ ಖಾಲಿ. ಒತ್ತಿಗೆ ಬೇರೆ ತುಂಡು, ಬೇರೆ ವೈರು, ಬೇರೆ ಬೆಸುಗೆ. ಪಟ್ಟಿಯೂ ಒಂದು ಮಿತಿಗಿಂತ ಜಾಸ್ತಿ ಬಗ್ಗುವುದಿಲ್ಲ, ಚಿಕ್ಕ ಒತ್ತು ಉಂಡೆ ಕಟ್ಟಿಕೊಳ್ಳುತ್ತದೆ. 'ಎಲೆಕ್ಟ್ರಿಕಲ್ಸ್' ಅನ್ನುವ ಒಂದೇ ಪದದಲ್ಲಿ ಮೂರು ಒತ್ತು ಇವೆ. ಊರಿಗೆಲ್ಲ ವೈರು ಮಾರುವವನಿಗೆ ತನ್ನ ಅಂಗಡಿಯ ಹೆಸರಿಗೆ ಕರೆಂಟು ಕೊಡಿಸಲು ಆಗುತ್ತಿಲ್ಲ. "ಒತ್ತು ಬಿಟ್ಬಿಡೋಣ ಸಾರ್, ದೂರದಿಂದ ಯಾರಿಗ್ ಕಾಣ್ಸುತ್ತೆ?" ಎನ್ನುತ್ತಾನೆ ಬೋರ್ಡಿನವನು.

ಎರಡೂ ಸಾಲಿಗೆ ಲೈಟು ಹಾಕಿಸಿದ ಪುಣ್ಯಾತ್ಮರೂ ಇದ್ದಾರೆ, ಇಲ್ಲ ಅನ್ನುವಂತಿಲ್ಲ. ಆದರೆ ಎರಡು ಸಾಲಿಗೆ ಎರಡು ಅಡಾಪ್ಟರು. ಮಳೆಗಾಲದಲ್ಲಿ ಮೊದಲು ಕೈಕೊಡುವುದೂ ಅದೇ. ಇಂಗ್ಲಿಷಿನದು ಸುಟ್ಟರೆ ಅವತ್ತೇ ಹೊಸದು. ಕನ್ನಡದ್ದು ಸುಟ್ಟರೆ, "ರಾಜ್ಯೋತ್ಸವ ಬರ್ಲಿ, ನೋಡೋಣ."

ಇದಕ್ಕೂ ಒಂದು ತಿದ್ದುಪಡಿ ತಂದುಬಿಡಬಹುದು. ಅಗಲ, ಉದ್ದ ಬಿಟ್ಟು ಬೆಳಕನ್ನೇ ಅಳೆಯುವುದು. ಲಕ್ಸ್ ಮೀಟರ್ ಖರೀದಿಗೆ ಟೆಂಡರು, ರಾತ್ರಿ ತಂಡಕ್ಕೆ ಜೀಪು, ಜೀಪಿಗೆ ಡೀಸೆಲ್ಲು, ಸಿಬ್ಬಂದಿಗೆ ಭತ್ಯೆ. ತಂಡ ಹೊರಡುವ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ ಅನ್ನುವುದು ಬೇರೆ ಮಾತು.

ಈ ರಗಳೆ ಯಾವುದೂ ಇಲ್ಲದ ಜಾಗ ಅಂದರೆ ಹೆಂಡದಂಗಡಿ. ಅಲ್ಲಿಗೆ ಯಾರೂ ನೋಟಿಸು ಕೊಡಬೇಕಿಲ್ಲ, ಯಾರೂ ಕಲ್ಲು ಹೊಡೆಯಬೇಕಿಲ್ಲ. 'ವೈನ್ಸ್' ಅನ್ನುವುದರ ಒತ್ತು ಕೂಡ ಕೆಂಪಗೆ, ಸ್ಪಷ್ಟವಾಗಿ, ವರ್ಷಪೂರ್ತಿ ಉರಿಯುತ್ತಿರುತ್ತದೆ. ಅಡಾಪ್ಟರು ಸುಟ್ಟರೆ ಅರ್ಧ ಗಂಟೆಯಲ್ಲಿ ರಿಪೇರಿ. ಗಿರಾಕಿ ದಾರಿ ತಪ್ಪಬಾರದಲ್ಲ!