ಅದು ಇಂಗ್ಲಿಷಿನ ತಪ್ಪಲ್ಲ

ಇವತ್ತು ಬೆಳಗ್ಗೆ ಐದೂವರೆಗೆ ಫೋನು. ನನ್ನ ಆಫೀಸಿನಲ್ಲಿ ಮೂರು ವರ್ಷ ಜೂನಿಯರ್ ಆಗಿದ್ದ ಗದಗಿನ ಹುಡುಗಿ. ಈಗ ನ್ಯೂಯಾರ್ಕ್‌ನಲ್ಲಿ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಮಾಡುತ್ತಿದ್ದಾಳೆ. "ಅಕ್ಕಾ, ನನಗ ಇಂಗ್ಲಿಷ್ ಬರೂದಿಲ್ಲೇನ್ರಿ?" ಅಂತ ಅಳು.

ಅವಳು ಕ್ಲಾಸಿಗೆ ಬರೆದ ಮೊದಲ ಮೆಮೊ, ಅಂದರೆ ಒಂದು ಕೇಸಿಗೆ ಕಾನೂನು ಏನು ಹೇಳುತ್ತದೆ ಅಂತ ವಿವರಿಸುವ ಟಿಪ್ಪಣಿ, ವಾಪಸ್ ಬಂದಿತ್ತು. ಭಾಷೆ ಸುಧಾರಿಸಬೇಕು ಅಂತ ಮೇಲೆ ಒಂದೇ ಸಾಲು. ಕಳಿಸು ಅಂದೆ, ಕೂತು ಓದಿದೆ. ಭಾಷೆಯಲ್ಲಿ ಏನೂ ತಪ್ಪಿಲ್ಲ. ಇದೇ ಹುಡುಗಿ ಬರೆದ ರಿಟ್ ಅರ್ಜಿಗಳನ್ನು ನಮ್ಮ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಒಂದಕ್ಷರ ತಿದ್ದದೆ ಸಹಿ ಹಾಕಿ ಫೈಲ್ ಮಾಡಿದ್ದೇನೆ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಅವಳು ಮೆಮೊವನ್ನು ಅರ್ಜಿಯ ಹಾಗೆ ಬರೆದಿದ್ದಾಳೆ. ನಾವು ಮೊದಲು ನಡೆದದ್ದೆಲ್ಲ ಹೇಳುತ್ತೇವೆ, ಆಮೇಲೆ ಆಧಾರಗಳು, ಕೇಳಿಕೆ ಕೊನೆಗೆ. ಅಮೆರಿಕದ ಮೆಮೊದಲ್ಲಿ ಮೊದಲು ಪ್ರಶ್ನೆ, ಅದರ ಕೆಳಗೇ ಚಿಕ್ಕ ಉತ್ತರ. ಸಂಗತಿಗಳು, ಚರ್ಚೆ ಎಲ್ಲ ಆಮೇಲೆ.

ಮೆಮೊದ ವಿಷಯ ಇಷ್ಟು: ಅಂಗಡಿಯಲ್ಲಿ ಚೆಲ್ಲಿದ್ದ ಹಾಲಿನ ಮೇಲೆ ಗಿರಾಕಿಯೊಬ್ಬ ಜಾರಿ ಬಿದ್ದಿದ್ದಾನೆ. ಮ್ಯೂಸಿಯಂ ಮೆಟ್ಟಿಲ ಮೇಲೆ ಕಾಗದದ ಚೂರು ತುಳಿದು ಜಾರಿದವನ ಬಗ್ಗೆ ನ್ಯೂಯಾರ್ಕ್‌ನ 1986ರ ತೀರ್ಪೊಂದಿದೆ. ಆ ಕಾಗದ ಅಲ್ಲಿ ಎಷ್ಟು ಹೊತ್ತಿನಿಂದ ಬಿದ್ದಿತ್ತು ಅನ್ನುವುದಕ್ಕೆ ಸಾಕ್ಷಿ ಇರಲಿಲ್ಲ, ಅವನು ಸೋತ. ಇವಳು ಅದನ್ನು ಸರಿಯಾಗಿ ಹುಡುಕಿದ್ದಾಳೆ. ಆದರೆ ನಮ್ಮಲ್ಲಿ ಮಾಡುವ ಹಾಗೆ ಉದ್ದುದ್ದ ಪ್ಯಾರಾ ಎತ್ತಿ ಹಾಕಿ ಸುಮ್ಮನಾಗಿದ್ದಾಳೆ. ಅಲ್ಲಿ ಕಾಗದ, ಇಲ್ಲಿ ಹಾಲು. ಈ ಹಾಲು ಚೆಲ್ಲಿ ಎಷ್ಟು ಹೊತ್ತಾಗಿತ್ತು ಅಂತ ಪಕ್ಕದಲ್ಲಿಟ್ಟು ಹೋಲಿಸಿಲ್ಲ. ಜೊತೆಗೆ ಕ್ಯಾಲಿಫೋರ್ನಿಯಾದ ಒಂದು ತೀರ್ಪನ್ನೂ ಅದೇ ತೂಕದಲ್ಲಿ ಇಟ್ಟಿದ್ದಾಳೆ. ನಮ್ಮ ಸಂವಿಧಾನದ 141ನೇ ವಿಧಿ ಓದಿ ಬೆಳೆದವರು ನಾವು. ಸುಪ್ರೀಂ ಕೋರ್ಟ್ ಹೇಳಿದರೆ ದೇಶಕ್ಕೆಲ್ಲ ಮುಗಿಯಿತು. ಅಲ್ಲಿ ರಾಜ್ಯದ ಕಾನೂನಿನ ಮಟ್ಟಿಗೆ ಆಯಾ ರಾಜ್ಯದ ದೊಡ್ಡ ಕೋರ್ಟಿನದೇ ಕೊನೆ ಮಾತು, ಪಕ್ಕದ ರಾಜ್ಯದ ತೀರ್ಪು ಬರೀ ಸಲಹೆಯಿದ್ದಂತೆ. ಇದನ್ನು ಅವಳಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತು, ಅಲ್ವಾ?

ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್‌ನಲ್ಲಿ ವಕೀಲಿಕೆಗೆ ಬೇಕಾದ ಬಾರ್ ಪರೀಕ್ಷೆ ಬರೆಯುವ ಹೊರದೇಶದ ವಕೀಲರಿಗೆ 24 ಕ್ರೆಡಿಟ್ ಬೇಕು. ಕಾನೂನು ಬರವಣಿಗೆ, ಸಂಶೋಧನೆಗೆ ಅದರಲ್ಲಿ ಕಡ್ಡಾಯ ಇರುವುದು 2. ಆ ಚೂರು ಹೊತ್ತನ್ನೂ ವ್ಯಾಕರಣ ತಿದ್ದುವುದರಲ್ಲಿ ಕಳೆದರೆ ಕಲಿಸುವುದು ಯಾವಾಗ?

ಕೆಲವರಿಗೆ ಇಂಗ್ಲಿಷ್ ನಿಜವಾಗಿಯೂ ಕಷ್ಟ ಅಂತ ಗೆಳೆಯರು ಹೇಳುತ್ತಾರೆ. ಇರಬಹುದು. ಅವರಿಗೆ ಅದನ್ನೂ ಕಲಿಸಲಿ. ಆದರೆ ವ್ಯಾಕರಣ ಎಷ್ಟು ತಿದ್ದಿದರೂ ಯಾವ ತೀರ್ಪಿಗೆ ಎಷ್ಟು ತೂಕ ಅನ್ನುವುದು ತಿಳಿಯುವುದಿಲ್ಲ.

ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಅಲ್ಲಿ ಓದುವಾಗ ನನಗೂ ಇದೇ ಮಾತು ಬಂದಿತ್ತು. ಎರಡು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಏಳು ವರ್ಷ ವಾದ ಮಾಡಿ ಬಂದವಳು, ನನಗೆ ಏನೂ ಬರುವುದಿಲ್ಲ ಅಂತ ನಂಬಿಬಿಟ್ಟಿದ್ದೆ. ಆ ಎರಡು ತಿಂಗಳು ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಅವಳಿಗೆ ಒಂದೇ ಕೆಲಸ ಕೊಟ್ಟಿದ್ದೇನೆ. ಕೊನೆಯ ಪ್ಯಾರಾ ಎತ್ತಿ ಮೊದಲು ಇಡು, ಕಾಗದವನ್ನೂ ಹಾಲನ್ನೂ ಒಂದೇ ಪ್ಯಾರಾದಲ್ಲಿ ಕೂರಿಸು. ನಾಳೆ ಐದೂವರೆಗೆ ಮತ್ತೆ ಫೋನ್ ಮಾಡುತ್ತಾಳೆ. ಅಲಾರಂ ಇಟ್ಟಿದ್ದೇನೆ.